ವಸತಿ ಮತ್ತು ಗ್ರಾಮಾಭಿವೃದ್ಧಿ ಯೋಜನೆಗಳಲ್ಲಿ ಬರುವ ಮಾತುಗಳು: ಅವುಗಳ ಅರ್ಥವೂ ಗ್ರಾಮ ಮುಖಂಡರ ಹೊಣೆಯೂ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಕೇಳದ ರೈತರು ನಮ್ಮ ನಾಡಿನಲ್ಲಿ ಇರಲಾರರು. ಈ ಗಾದೆಯ ಎರಡನೆಯ ಭಾಗವು ಸರ್ಕಾರದ ಕಾಗದಪತ್ರಗಳಲ್ಲಿ ಬರುವ ಮಾತುಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಮನೆ ಕಟ್ಟಿಸಿಕೊಡುವ ಯೋಜನೆಗಳಲ್ಲಿಯೂ ಗ್ರಾಮಾಭಿವೃದ್ಧಿಯ ಯೋಜನೆಗಳಲ್ಲಿಯೂ ಪದೇ ಪದೇ ಬಳಕೆಯಾಗುವ ಮಾತುಗಳು ನಮ್ಮ ಗ್ರಾಮಸ್ಥರ ಕಿವಿಗೆ ದಿನವೂ ಬೀಳುತ್ತಿರುವುವು. ಆದರೆ ಒಂದೊಂದು ಮಾತಿಗೂ ಕಾಯಿದೆಯಲ್ಲಿ ಎಷ್ಟು ಅರ್ಥವಿದೆ, ಎಲ್ಲಿಗೆ ಆ ಅರ್ಥವು ನಿಲ್ಲುತ್ತದೆ ಎಂಬುದನ್ನು ತಿಳಿದವರು ಕೆಲವರೇ. ತಿಳಿಯದಿದ್ದರೆ ಆಗುವ ನಷ್ಟವು ಸಣ್ಣದಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಊರ ಅಂಚಿನಲ್ಲಿ ಸೋಗೆಯ ಗುಡಿಸಲಿನಲ್ಲಿ ಎರಡು ಮಕ್ಕಳೊಡನೆ ವಾಸಿಸುವ ಒಬ್ಬ ವಿಧವೆ ಇದ್ದಾಳೆಂದು ಭಾವಿಸಿರಿ. ‘ನಿನ್ನ ಹೆಸರು ಪಟ್ಟಿಯಲ್ಲಿ ಬಂದಿದೆ’ ಎಂದು ಯಾರೋ ಬಂದು ಹೇಳುತ್ತಾರೆ. ಪಟ್ಟಿಯಲ್ಲಿ ಹೆಸರು ಬಂದರೆ ಮನೆ ಬಂದಂತೆಯೇ ಎಂದು ಆಕೆ ತಿಳಿಯುತ್ತಾಳೆ. ವೈಶಾಖದಲ್ಲಿ ಗುಡಿಸಲನ್ನು ಕಿತ್ತು, ಕೈಸಾಲ ಮಾಡಿ ಕಲ್ಲು ತರಿಸಿ, ತಳಪಾಯವನ್ನು ತೋಡಿಸುತ್ತಾಳೆ. ಆದರೆ ಪಟ್ಟಿ ಬೇರೆ, ಮಂಜೂರಾತಿ ಬೇರೆ, ಕಾಮಗಾರಿ ಆದೇಶ ಬೇರೆ. ಆದೇಶವು ಬರುವುದಕ್ಕೆ ಮೊದಲೇ ಮುಂಗಾರು ಬರುತ್ತದೆ. ಹಳೆಯ ಮನೆಯ ಮತ್ತು ಖಾಲಿ ನಿವೇಶನದ ಛಾಯಾಚಿತ್ರವನ್ನು ಮೊದಲು ತೆಗೆಯಬೇಕೆಂಬ ನಿಯಮವಿರುವುದರಿಂದ, ಆಕೆ ಆತುರದಿಂದ ಮಾಡಿದ ಕೆಲಸವೇ ಆಕೆಗೆ ಅಡ್ಡಿಯಾಗುತ್ತದೆ. ಇಲ್ಲಿ ಯಾರೂ ಮೋಸ ಮಾಡಲಿಲ್ಲ. ಒಂದು ಮಾತಿನ ಅರ್ಥವನ್ನು ಬಿಡಿಸಿ ಹೇಳುವವರು ಇರಲಿಲ್ಲ, ಅಷ್ಟೆ. ಅದನ್ನು ಹೇಳತಕ್ಕವರು ಯಾರು? ಊರಿನ ಹಿರಿಯರೇ ಅಲ್ಲವೆ?

೧೯೬೧ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಿಂದ ವಂಶಪಾರಂಪರ್ಯವಾದ ಪಟೇಲಿಕೆಯೂ ಶಾನುಭೋಗಿಕೆಯೂ ಕೊನೆಗಂಡವು. ಹುದ್ದೆ ಹೋದರೂ ಹಿರಿತನದ ಹೊಣೆ ಹೋಗಲಿಲ್ಲ. ಕಷ್ಟ ಬಂದಾಗ ಗ್ರಾಮಸ್ಥರು ಇಂದಿಗೂ ಊರ ಮುಖಂಡರ ಜಗಲಿಗೆ ಬಂದು ಕುಳಿತುಕೊಳ್ಳುವುದನ್ನು ನಾವು ನೋಡುತ್ತಿದ್ದೇವೆ. ಆದಕಾರಣ ಮುಖಂಡರಿಗೂ ಜಮೀನುದಾರ ಮಹನೀಯರಿಗೂ ಉಪಯೋಗವಾಗಲೆಂದು ಮುಖ್ಯವಾದ ಮಾತುಗಳನ್ನು ನಾಲ್ಕು ಭಾಗಗಳಾಗಿ ವಿಂಗಡಿಸಿ ಕೆಳಗೆ ವಿವರಿಸಿದೆ.

೧. ಅಭಿವೃದ್ಧಿಗೆ ಸಂಬಂಧಿಸಿದ ಮಾತುಗಳು

ಸಮುದಾಯ ಅಭಿವೃದ್ಧಿ: ಈ ಮಾತು ನಮ್ಮ ದೇಶದಲ್ಲಿ ಸರ್ಕಾರದ ಕಾರ್ಯಕ್ರಮದ ಹೆಸರಾಗಿ ನಿಂತದ್ದು ೧೯೫೨ನೆಯ ಅಕ್ಟೋಬರ್ ೨ರಂದು. ಅದಕ್ಕೆ ಮೊದಲು, ೧೯೪೮ರಲ್ಲಿ, ಉತ್ತರ ಪ್ರದೇಶದ ಇಟಾವಾ ಜಿಲ್ಲೆಯಲ್ಲಿ ಆಲ್ಬರ್ಟ್ ಮೇಯರ್ ಎಂಬ ಅಮೆರಿಕದ ವಾಸ್ತುಶಿಲ್ಪಿಯ ಸಲಹೆಯಂತೆ ಒಂದು ಪ್ರಯೋಗ ನಡೆದಿತ್ತು. ನಮ್ಮ ಮೈಸೂರು ಸಂಸ್ಥಾನದಲ್ಲಿಯಾದರೋ, ಸರ್ ಎಂ. ವಿಶ್ವೇಶ್ವರಯ್ಯನವರು ೧೯೧೨ರಿಂದ ೧೯೧೮ರವರೆಗೆ ದಿವಾನರಾಗಿದ್ದ ಕಾಲದಲ್ಲಿಯೇ ಗ್ರಾಮಗಳ ಸುಧಾರಣೆಗೆ ಪ್ರಯತ್ನಗಳು ನಡೆದಿದ್ದುವು. ಆದುದರಿಂದ ವಿಚಾರವು ನಮಗೆ ಹೊಸದಲ್ಲ.

ಬೆಳೆ, ರಸ್ತೆ, ಶಾಲೆ, ಕುಡಿಯುವ ನೀರು, ಆರೋಗ್ಯ, ವಸತಿ ಇವೆಲ್ಲವೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಒಂದನ್ನು ಬಿಟ್ಟು ಮತ್ತೊಂದನ್ನು ಸುಧಾರಿಸಲಾಗದು ಎಂಬುದೂ, ಸುಧಾರಣೆಯಲ್ಲಿ ಗ್ರಾಮಸ್ಥರು ತಾವೇ ಕೈಹಾಕಬೇಕೆಂಬುದೂ ‘ಸಮುದಾಯ ಅಭಿವೃದ್ಧಿ’ ಎಂಬ ಮಾತಿನ ತಿರುಳು. ಹೊರಗಿನವರು ಬಂದು ಕಟ್ಟಿಕೊಟ್ಟು ಹೋಗುವ ಕೆಲಸಕ್ಕೆ ಈ ಹೆಸರು ಸಲ್ಲದು.

ಅಭಿವೃದ್ಧಿ ಬ್ಲಾಕು: ೧೯೫೨ರಲ್ಲಿ ದೇಶದಾದ್ಯಂತ ೫೫ ಯೋಜನಾ ಕ್ಷೇತ್ರಗಳನ್ನು ಆರಿಸಲಾಯಿತು. ಒಂದೊಂದು ಕ್ಷೇತ್ರದಲ್ಲಿ ಸುಮಾರು ೩೦೦ ಗ್ರಾಮಗಳು, ಒಂದೂವರೆ ಲಕ್ಷ ಎಕರೆ ಸಾಗುವಳಿ ಭೂಮಿ, ಎರಡು ಲಕ್ಷ ಜನಸಂಖ್ಯೆ ಇರುವಂತೆ ಏರ್ಪಾಡಾಗಿತ್ತು. ಇಂತಹ ಕ್ಷೇತ್ರವನ್ನು ತಲಾ ನೂರು ಗ್ರಾಮಗಳ ಮೂರು ಬ್ಲಾಕುಗಳನ್ನಾಗಿ ವಿಭಾಗಿಸಿದರು. ಬ್ಲಾಕು ಎಂಬ ಮಾತು ಹೀಗೆ ಹುಟ್ಟಿತು.

ಗ್ರಾಮಸೇವಕ: ಐದು ಗ್ರಾಮಗಳ ಗುಂಪಿಗೆ ಒಬ್ಬರಂತೆ ನೇಮಕವಾಗಿ, ಬೀಜ, ಗೊಬ್ಬರ, ಜಾನುವಾರು, ನೈರ್ಮಲ್ಯ ಮೊದಲಾದ ಎಲ್ಲ ವಿಷಯಗಳಲ್ಲಿಯೂ ರೈತನ ಮನೆಬಾಗಿಲಿಗೆ ಹೋಗುತ್ತಿದ್ದ ನೌಕರರಿಗೆ ಈ ಹೆಸರು ಇತ್ತು. ೧೯೫೩ನೆಯ ಅಕ್ಟೋಬರ್ ೨ರಿಂದ ರಾಷ್ಟ್ರೀಯ ವಿಸ್ತರಣಾ ಸೇವೆಯು ಆರಂಭವಾದ ಮೇಲೆ ಈ ಪದ್ಧತಿಯು ಹೆಚ್ಚು ಪ್ರದೇಶಗಳಿಗೆ ಹರಡಿತು. ‘ವಿಸ್ತರಣೆ’ ಎಂದರೆ ಪ್ರಯೋಗಶಾಲೆಯಲ್ಲಿ ಕಂಡುಕೊಂಡ ತಿಳಿವಳಿಕೆಯನ್ನು ಹೊಲದವರೆಗೆ ಮುಟ್ಟಿಸುವುದು. ನಮ್ಮ ಇಲಾಖೆಯು ಇಂದಿಗೂ ಈ ಮಾತನ್ನು ಇದೇ ಅರ್ಥದಲ್ಲಿ ಬಳಸುತ್ತದೆ.

ಪಂಚಾಯತಿ ರಾಜ್ಯ: ಮೇಲ್ಕಂಡ ಕಾರ್ಯಕ್ರಮದಲ್ಲಿ ಅಧಿಕಾರಿಗಳ ಉತ್ಸಾಹವಿದ್ದಷ್ಟು ಗ್ರಾಮಸ್ಥರ ಉತ್ಸಾಹವು ಕಾಣಲಿಲ್ಲ. ಕಾರಣವನ್ನು ವಿಚಾರಿಸಲು ೧೯೫೭ರಲ್ಲಿ ಬಲವಂತರಾಯ್ ಮೆಹತಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು, ಜನರು ಆರಿಸಿದ ಸಂಸ್ಥೆಗಳಿಗೆ ಅಧಿಕಾರವನ್ನೂ ಹಣವನ್ನೂ ಒಪ್ಪಿಸದೆ ಗ್ರಾಮಸ್ಥರು ತಾವಾಗಿ ಮುಂದೆ ಬರಲಾರರೆಂದು ಕಂಡು, ಗ್ರಾಮ, ಬ್ಲಾಕು, ಜಿಲ್ಲೆ ಎಂಬ ಮೂರು ಹಂತಗಳ ವ್ಯವಸ್ಥೆಯನ್ನು ಸೂಚಿಸಿತು. ೧೯೫೯ನೆಯ ಅಕ್ಟೋಬರ್ ೨ರಂದು ರಾಜಸ್ಥಾನದ ನಾಗೌರಿನಲ್ಲಿ ಇದು ಆರಂಭವಾಯಿತು. ಮುಂದೆ ಸಂವಿಧಾನದ ೭೩ನೆಯ ತಿದ್ದುಪಡಿಯು ೧೯೯೩ನೆಯ ಏಪ್ರಿಲ್ ೨೪ರಿಂದ ಜಾರಿಗೆ ಬಂದಿತು. ಅದೇ ವರ್ಷದ ಕರ್ನಾಟಕ ಪಂಚಾಯತಿ ಕಾಯಿದೆಯೇ ಇಂದು ‘ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ’ವೆಂಬ ಹೆಸರಿನಿಂದ ನಡೆಯುತ್ತಿರುವುದು.

ವಂತಿಗೆ ಮತ್ತು ಶ್ರಮದಾನ: ಕೆರೆಯ ಹೂಳೆತ್ತುವಾಗಲೂ ದೇವಸ್ಥಾನದ ಜೀರ್ಣೋದ್ಧಾರದಲ್ಲಿಯೂ ಒಕ್ಕಲಿಗೆ ಇಷ್ಟೆಂದು ಎತ್ತುವ ವಂತಿಗೆಯು ನಮ್ಮ ಗ್ರಾಮಗಳಿಗೆ ಹಳೆಯದು. ಸರ್ಕಾರದ ಯೋಜನೆಗಳಲ್ಲಿ ‘ಸಮುದಾಯದ ವಂತಿಗೆ’ ಎಂದರೆ ವೆಚ್ಚದ ಒಂದು ಗೊತ್ತಾದ ಭಾಗವನ್ನು ಗ್ರಾಮಸ್ಥರು ಹಣವಾಗಿ, ಸಾಮಗ್ರಿಯಾಗಿ ಅಥವಾ ದುಡಿಮೆಯಾಗಿ ಕೊಡುವುದು. ೨೦೧೯ರಲ್ಲಿ ಆರಂಭವಾದ ಜಲಜೀವನ ಕಾರ್ಯಕ್ರಮದಲ್ಲಿ ಊರೊಳಗಿನ ನೀರಿನ ಕಾಮಗಾರಿಗೆ ನೂರಕ್ಕೆ ಹತ್ತು ಭಾಗವನ್ನೂ, ಗುಡ್ಡಗಾಡು ಪ್ರದೇಶಗಳಲ್ಲಿಯೂ ಪರಿಶಿಷ್ಟ ಜಾತಿ ಮತ್ತು ಪಂಗಡದವರೇ ಹೆಚ್ಚಾಗಿರುವ ಗ್ರಾಮಗಳಲ್ಲಿಯೂ ನೂರಕ್ಕೆ ಐದು ಭಾಗವನ್ನೂ ಹೀಗೆ ಗೊತ್ತುಪಡಿಸಲಾಯಿತು. ವಂತಿಗೆಯು ದಂಡವಲ್ಲ, ಅದನ್ನು ಕೊಟ್ಟವನಿಗೆ ಲೆಕ್ಕವನ್ನು ಕೇಳುವ ಧೈರ್ಯವು ಬರುವುದೆಂಬುದೇ ಅದರ ಮುಖ್ಯ ಪ್ರಯೋಜನ.

೨. ನೆಲಕ್ಕೆ ಸಂಬಂಧಿಸಿದ ಮಾತುಗಳು

ಮನೆಯ ಗೋಡೆಗಿಂತ ಮೊದಲು ಮನೆಯ ನೆಲ. ವಸತಿ ಯೋಜನೆಗಳಲ್ಲಿ ಹುಟ್ಟುವ ವ್ಯಾಜ್ಯಗಳಿಗೆ ನೆಲದ ಕಾಗದಗಳೇ ಅನೇಕವೇಳೆ ಮೂಲವಾಗಿರುತ್ತವೆ.

ಗ್ರಾಮಠಾಣಾ: ಭೂಮಾಪನ ಮಾಡುವಾಗ ಜನವಸತಿಗೆಂದು ಗುರುತಿಸಿ, ಸಾಗುವಳಿ ಜಮೀನಿನಿಂದ ಬೇರೆ ಮಾಡಿ ಬಿಟ್ಟ ಸ್ಥಳಕ್ಕೆ ಈ ಹೆಸರು. ಜನಸಂಖ್ಯೆ ಹೆಚ್ಚಿದಂತೆ ಮನೆಗಳು ಈ ಎಲ್ಲೆಯನ್ನು ದಾಟಿ ಬೆಳೆದಿರುವ ಊರುಗಳು ಬೇಕಾದಷ್ಟಿವೆ. ಎಲ್ಲೆಯ ಒಳಗಿನ ಮನೆಗೂ ಹೊರಗಿನ ಮನೆಗೂ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ. ಕಾಗದದಲ್ಲಿ ಮಾತ್ರ ಬಹಳ ವ್ಯತ್ಯಾಸವುಂಟು.

ಕಂದಾಯ ಗ್ರಾಮ ಮತ್ತು ಮಜರೆ: ಸರ್ಕಾರದ ದಫ್ತರದಲ್ಲಿ ಸ್ವಂತ ಹೆಸರು, ನಕ್ಷೆ, ಎಲ್ಲೆಗಳು ಇರುವುದು ಕಂದಾಯ ಗ್ರಾಮ. ಅದಕ್ಕೆ ಸೇರಿದಂತೆ ಬೇರೊಂದು ಕಡೆ ಬೆಳೆದ ಕೇರಿಯು ಮಜರೆ. ಗೊಲ್ಲರ ಹಟ್ಟಿ, ಲಂಬಾಣಿಗರ ತಾಂಡ, ಕಾಡಿನವರ ಹಾಡಿ, ದೊಡ್ಡಿ, ಪಾಳ್ಯ ಮುಂತಾದುವು ತಲೆಮಾರುಗಳಿಂದ ಇದ್ದರೂ ಎಷ್ಟೋ ಕಡೆ ದಫ್ತರದಲ್ಲಿ ಅವುಗಳಿಗೆ ಹೆಸರೇ ಇರಲಿಲ್ಲ. ಹೆಸರಿಲ್ಲದ ಊರಿನಲ್ಲಿ ಮನೆಯಿರುವವನು ಕಾಗದದ ಮೇಲೆ ಮನೆಯಿಲ್ಲದವನೇ ಆಗುತ್ತಾನೆ. ಇಂತಹ ನೆಲೆಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡುವ ಕಾರ್ಯವು ನಡೆದು, ೨೦೨೩ನೆಯ ಜನವರಿ ೧೯ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ೫೦,೦೦೦ಕ್ಕೂ ಮೇಲ್ಪಟ್ಟ ಕುಟುಂಬಗಳಿಗೆ ಹಕ್ಕುಪತ್ರಗಳನ್ನು ಕೊಡಲಾಯಿತು.

ಗೋಮಾಳ: ಊರಿನ ದನಕರುಗಳ ಮೇವಿಗೆಂದು ಬಿಟ್ಟ ಸರ್ಕಾರಿ ಜಮೀನು. ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ನೂರು ಜಾನುವಾರುಗಳಿಗೆ ಮೂವತ್ತು ಎಕರೆಯಂತೆ ಗೋಮಾಳವಿರಬೇಕು. ನಿವೇಶನಗಳಿಗಾಗಿ ಗೋಮಾಳವನ್ನು ಕೇಳುವುದಕ್ಕೆ ಮೊದಲು ಈ ಲೆಕ್ಕವನ್ನು ಮುಖಂಡರು ತಾವೇ ಮಾಡಿ ನೋಡತಕ್ಕದ್ದು. ೨೪೦ ಜಾನುವಾರುಗಳಿರುವ ಊರಿಗೆ ೭೨ ಎಕರೆ ಬೇಕು. ದಫ್ತರದಲ್ಲಿ ೮೦ ಎಕರೆ ಇದ್ದರೆ ೮ ಎಕರೆ ಮಿಗುತ್ತದೆ. ರಸ್ತೆ, ಚರಂಡಿ, ಬಯಲುಗಳಿಗೆ ಬಿಟ್ಟು ಎಕರೆಗೆ ೩೦ ಅಡಿ ಉದ್ದ ೪೦ ಅಡಿ ಅಗಲದ ಇಪ್ಪತ್ತು ನಿವೇಶನಗಳಂತೆ ಹಿಡಿದರೂ ೧೬೦ ಕುಟುಂಬಗಳಿಗೆ ಸ್ಥಳ ದೊರೆಯಿತು. ಆದರೆ ದಫ್ತರದಲ್ಲಿರುವ ೮೦ ಎಕರೆಯು ನೆಲದ ಮೇಲೆ ಇದೆಯೇ ಎಂಬುದು ಬೇರೆ ಪ್ರಶ್ನೆ. ಅಕ್ಕಪಕ್ಕದ ಹಿಡುವಳಿದಾರರ ನೇಗಿಲು ವರ್ಷಕ್ಕೆ ಒಂದೊಂದು ಸಾಲು ಒಳಗೆ ಸರಿದಿದ್ದರೆ, ನಷ್ಟವು ದನಕ್ಕೂ ಆಯಿತು, ಮನೆಯಿಲ್ಲದವನಿಗೂ ಆಯಿತು. ಜಮೀನುದಾರ ಮಹನೀಯರು ಈ ವಿಷಯದಲ್ಲಿ ತಮ್ಮ ಬಾಂದುಗಲ್ಲುಗಳನ್ನು ತಾವೇ ನೋಡಿಕೊಳ್ಳುವುದು ಉತ್ತಮ.

ಭೂಪರಿವರ್ತನೆ: ವ್ಯವಸಾಯದ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ೧೯೬೪ರ ಭೂಕಂದಾಯ ಕಾಯಿದೆಯ ೯೫ನೆಯ ಪ್ರಕರಣದಂತೆ ಪಡೆಯತಕ್ಕ ಅನುಮತಿ. ಈ ಅನುಮತಿಯಿಲ್ಲದೆ ಹೊಲವನ್ನು ತುಂಡುಮಾಡಿ ನಿವೇಶನಗಳೆಂದು ಮಾರಿದರೆ, ಮಾರಿದವನ ಕೈಗೆ ಹಣ ಬರುತ್ತದೆ. ಕೊಂಡವನ ಕೈಗೆ ಸಮರ್ಪಕವಾದ ಕಾಗದವು ಬರುವುದಿಲ್ಲ. ಕಾಗದವಿಲ್ಲದ ನಿವೇಶನಕ್ಕೆ ವಸತಿ ಯೋಜನೆಯ ಸಹಾಯವೂ ಬ್ಯಾಂಕಿನ ಸಾಲವೂ ದೊರೆಯುವುದು ಕಷ್ಟ.

ಹಕ್ಕುಪತ್ರ: ಸರ್ಕಾರವು ನಿವೇಶನವನ್ನು ಒಬ್ಬನಿಗೆ ಕೊಟ್ಟಿದೆಯೆಂಬುದಕ್ಕೆ ಇದು ಆಧಾರ. ಇದರಲ್ಲಿ ಷರತ್ತುಗಳಿರುವುವು. ಗೊತ್ತಾದ ಅವಧಿಯವರೆಗೆ ಪರಭಾರೆ ಮಾಡಕೂಡದೆಂಬುದು ಸಾಮಾನ್ಯವಾದ ಷರತ್ತು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರವು ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಳ್ಳುವುದನ್ನು ೧೯೭೮ರ ಕಾಯಿದೆಯು ನಿಷೇಧಿಸಿದೆ. ‘ಅವನೇ ಬಂದು ಕೊಟ್ಟನು, ನಾನು ಹಣ ಕೊಟ್ಟಿದ್ದೇನೆ’ ಎಂಬ ಉತ್ತರವು ಇಲ್ಲಿ ನಡೆಯುವುದಿಲ್ಲ.

ಖಾತೆ: ಪಂಚಾಯತಿಗೆ ತೆರಿಗೆ ಕೊಡಬೇಕಾದವರು ಯಾರೆಂದು ತೋರಿಸುವ ದಾಖಲೆ. ಖಾತೆಯೇ ಸ್ವಾಮ್ಯವೆಂದು ಅನೇಕರು ತಿಳಿದಿರುವರು, ಅದು ಸರಿಯಲ್ಲ. ಸ್ವಾಮ್ಯವು ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಹಕ್ಕುಪತ್ರ ಮೊದಲಾದುವುಗಳಿಂದ ಬರತಕ್ಕದ್ದು. ಖಾತೆಯು ಅದನ್ನು ಹಿಂಬಾಲಿಸುತ್ತದೆ. ಇಂದು ಗ್ರಾಮ ಪಂಚಾಯತಿಗಳಲ್ಲಿ ‘ಇ-ಸ್ವತ್ತು’ ಎಂಬ ಗಣಕಯಂತ್ರದ ವ್ಯವಸ್ಥೆಯಿಂದ ಕೊಡುವ ನಮೂನೆ ೯ ಮತ್ತು ನಮೂನೆ ೧೧ ಇದೇ ಜಾತಿಯ ದಾಖಲೆಗಳು.

ಸ್ವಾಮಿತ್ವ: ೨೦೨೦ನೆಯ ಏಪ್ರಿಲ್ ೨೪ರಂದು ಆರಂಭವಾದ ಕೇಂದ್ರ ಸರ್ಕಾರದ ಯೋಜನೆ. ಹೊಲಗಳಿಗೆ ಸರ್ವೆ ನಂಬರುಗಳು ಇದ್ದರೂ ಗ್ರಾಮಠಾಣಾದೊಳಗಿನ ಒಂದೊಂದು ಮನೆಗೆ ಬೇರೆ ಬೇರೆ ನಕ್ಷೆಯು ಇರುತ್ತಿರಲಿಲ್ಲ. ಡ್ರೋನ್ ಎಂಬ ಹಾರುವ ಯಂತ್ರದಿಂದ ಮೇಲಿನಿಂದ ಚಿತ್ರ ತೆಗೆದು, ಮನೆಮನೆಯ ಎಲ್ಲೆಯನ್ನು ಗುರುತಿಸಿ, ಆಸ್ತಿಪತ್ರವನ್ನು ಕೊಡುವುದು ಇದರ ಕ್ರಮ. ಮೊದಲು ಆರಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಚಿತ್ರ ತೆಗೆಯುವುದಕ್ಕೆ ಮೊದಲು ನೆಲದ ಮೇಲೆ ಸುಣ್ಣದಿಂದ ಎಲ್ಲೆಯನ್ನು ಗುರುತು ಮಾಡುತ್ತಾರೆ. ಅಂದು ಮನೆಯವರೂ ನೆರೆಯವರೂ ಹಾಜರಿದ್ದು ಒಪ್ಪಿಕೊಂಡರೆ ಮುಂದೆ ನ್ಯಾಯಾಲಯದ ಮೆಟ್ಟಿಲನ್ನು ಹತ್ತುವ ಪ್ರಮೇಯವು ಬಹಳ ಕಡಮೆಯಾಗುವುದು.

೩. ಮನೆಗೆ ಸಂಬಂಧಿಸಿದ ಮಾತುಗಳು

ನಿವೇಶನರಹಿತ ಮತ್ತು ವಸತಿರಹಿತ: ಈ ಎರಡನ್ನೂ ಒಂದೇ ಎಂದು ತಿಳಿಯಬಾರದು. ಮನೆ ಕಟ್ಟಲು ಸ್ವಂತ ನೆಲವೇ ಇಲ್ಲದವನು ನಿವೇಶನರಹಿತ. ನೆಲವಿದ್ದು, ಅದರ ಮೇಲೆ ವಾಸಯೋಗ್ಯವಾದ ಮನೆಯಿಲ್ಲದವನು ವಸತಿರಹಿತ. ಮೊದಲನೆಯವನಿಗೆ ಬೇಕಾದದ್ದು ಸ್ಥಳ. ಎರಡನೆಯವನಿಗೆ ಬೇಕಾದದ್ದು ಹಣ. ನಿವೇಶನರಹಿತನ ಹೆಸರನ್ನು ವಸತಿರಹಿತರ ಪಟ್ಟಿಗೆ ಮಾತ್ರ ಸೇರಿಸಿದರೆ, ಆತನಿಗೆ ಮನೆ ಮಂಜೂರಾದರೂ ಕಟ್ಟಲು ಸ್ಥಳವಿಲ್ಲದೆ ಮಂಜೂರಾತಿಯು ವ್ಯರ್ಥವಾಗುತ್ತದೆ.

ಕಚ್ಚಾ ಮನೆ, ಪಕ್ಕಾ ಮನೆ: ಹುಲ್ಲು, ಸೋಗೆ, ಬಿದಿರು, ಹಸಿಮಣ್ಣುಗಳಿಂದ ಕಟ್ಟಿದ್ದು ಕಚ್ಚಾ. ಗೋಡೆಯೂ ಛಾವಣಿಯೂ ಬಾಳಿಕೆ ಬರುವ ಸಾಮಗ್ರಿಯಿಂದ ಆಗಿದ್ದು ಮಳೆ ಗಾಳಿಗಳನ್ನು ತಡೆಯುವುದು ಪಕ್ಕಾ.

ಫಲಾನುಭವಿ: ಯೋಜನೆಯ ಪ್ರಯೋಜನವನ್ನು ಹೊಂದಲು ನಿಯಮದಂತೆ ಆಯ್ಕೆಯಾದವನು. ಅರ್ಜಿದಾರನು ಫಲಾನುಭವಿಯಲ್ಲ, ಪಟ್ಟಿಯಲ್ಲಿ ಹೆಸರಿರುವವನು ಸರದಿಯಲ್ಲಿ ನಿಂತವನು ಮಾತ್ರ. ಆಯ್ಕೆ, ಮಂಜೂರಾತಿ, ಕಾಮಗಾರಿ ಆದೇಶ ಇವು ಮೂರೂ ಆದ ಮೇಲೆಯೇ ಗುದ್ದಲಿಯನ್ನು ಹಾಕತಕ್ಕದ್ದು. ಮೇಲೆ ಹೇಳಿದ ವಿಧವೆಗೆ ಈ ಒಂದು ವಾಕ್ಯವನ್ನು ಹೇಳುವವರಿದ್ದರೆ ಆಕೆಯ ಗುಡಿಸಲು ಉಳಿಯುತ್ತಿತ್ತು.

ಯೋಜನೆಯ ಹೆಸರುಗಳು: ಹೆಸರುಗಳು ಕಾಲಕಾಲಕ್ಕೆ ಬದಲಾಗುತ್ತಿರುವುದರಿಂದ ಗೊಂದಲವುಂಟಾಗುವುದು ಸಹಜ. ಕೇಂದ್ರ ಸರ್ಕಾರದ ಇಂದಿರಾ ಆವಾಸ್ ಯೋಜನೆಯು ೧೯೮೫ರಲ್ಲಿ ಉದ್ಯೋಗ ಕಾರ್ಯಕ್ರಮವೊಂದರ ಅಂಗವಾಗಿ ಹುಟ್ಟಿ, ೧೯೯೬ರ ಜನವರಿ ೧ರಿಂದ ಪ್ರತ್ಯೇಕ ಯೋಜನೆಯಾಯಿತು. ೨೦೧೬ರ ಏಪ್ರಿಲ್ ೧ರಿಂದ ಅದರ ಸ್ಥಾನದಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಬಂದಿತು. ನಮ್ಮ ರಾಜ್ಯದಲ್ಲಿ ೧೯೯೧-೯೨ರಲ್ಲಿ ಆಶ್ರಯ ಯೋಜನೆಯು ಆರಂಭವಾಯಿತು. ಅದೇ ಮುಂದೆ ಬಸವ ವಸತಿ ಯೋಜನೆಯೆಂದು ಹೆಸರು ಪಡೆಯಿತು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಂಬೇಡ್ಕರ್ ನಿವಾಸ ಯೋಜನೆಯೂ, ಅಂಗವಿಕಲರು ಮೊದಲಾದ ವಿಶೇಷ ವರ್ಗದವರಿಗೆ ದೇವರಾಜ ಅರಸು ವಸತಿ ಯೋಜನೆಯೂ ಏರ್ಪಟ್ಟುವು. ಇವುಗಳನ್ನು ನಡೆಸಲು ೨೦೦೦ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ಸ್ಥಾಪಿತವಾಯಿತು. ಹೆಸರು ಯಾವುದೇ ಇರಲಿ, ಒಂದು ಕುಟುಂಬಕ್ಕೆ ಒಂದೇ ಮನೆಯೆಂಬ ತತ್ತ್ವವು ಎಲ್ಲದರಲ್ಲಿಯೂ ಸಮಾನವಾದುದು.

ಘಟಕವೆಚ್ಚ ಮತ್ತು ಸಹಾಯಧನ: ಒಂದು ಮನೆಗೆ ತಗಲುವುದೆಂದು ಸರ್ಕಾರವು ಅಂದಾಜು ಮಾಡಿದ ಮೊತ್ತವು ಘಟಕವೆಚ್ಚ. ಅದರಲ್ಲಿ ಹಿಂದಿರುಗಿಸಬೇಕಾಗಿಲ್ಲದ ಭಾಗವು ಸಹಾಯಧನ. ಹಿಂದಿರುಗಿಸಬೇಕಾದ ಭಾಗವು ಸಾಲ. ಕಾಗದದಲ್ಲಿ ಯಾವುದು ಎಷ್ಟೆಂಬುದನ್ನು ಓದಿಸಿ ಕೇಳದೆ ಹೆಬ್ಬೆಟ್ಟನ್ನು ಒತ್ತಕೂಡದು. ೨೦೧೬ರ ಕೇಂದ್ರ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ ೧,೨೦,೦೦೦ ರೂಪಾಯಿಗಳನ್ನೂ ಗುಡ್ಡಗಾಡು ಮತ್ತು ದುರ್ಗಮ ಪ್ರದೇಶಗಳಿಗೆ ೧,೩೦,೦೦೦ ರೂಪಾಯಿಗಳನ್ನೂ ಸಹಾಯಧನವಾಗಿ ಗೊತ್ತುಮಾಡಿ, ನಮ್ಮ ರಾಜ್ಯದಲ್ಲಿ ಅದರ ನೂರಕ್ಕೆ ೬೦ ಭಾಗವನ್ನು ಕೇಂದ್ರವೂ ೪೦ ಭಾಗವನ್ನು ರಾಜ್ಯವೂ ಕೊಡುವಂತೆ ಏರ್ಪಡಿಸಿದರು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳಿರುವುದು ಸುಳ್ಳಲ್ಲ. ಸಹಾಯಧನವು ಸಹಾಯವೇ ಹೊರತು ಪೂರ್ಣ ವೆಚ್ಚವಲ್ಲ. ಕೈಯಲ್ಲಿರುವುದನ್ನು ನೋಡಿ ಮನೆಯ ಅಳತೆಯನ್ನು ನಿರ್ಣಯಿಸುವುದು ವಿವೇಕ. ಯೋಜನೆಯ ಪ್ರಕಾರ ಅಡಿಗೆಯ ಸ್ಥಳವೂ ಸೇರಿ ೨೫ ಚದರ ಮೀಟರು, ಎಂದರೆ ಸುಮಾರು ೧೫ ಅಡಿಗೆ ೧೮ ಅಡಿ, ಇದ್ದರೆ ಸಾಕು. ಅಷ್ಟನ್ನು ಗಟ್ಟಿಯಾಗಿ ಮುಗಿಸಿದವನು ಮಳೆಗಾಲದಲ್ಲಿ ಒಳಗಿರುತ್ತಾನೆ; ದೊಡ್ಡದಾಗಿ ಆರಂಭಿಸಿದವನು ಸಾಲದ ಮೇಲೆ ಸಾಲ ಮಾಡಿ ಛಾವಣಿಯಿಲ್ಲದ ಗೋಡೆಗಳನ್ನು ನೋಡುತ್ತ ಹೊರಗೆ ನಿಲ್ಲುತ್ತಾನೆ.

ಕಂತು: ಹಣವು ಒಂದೇ ಸಲಕ್ಕೆ ಬರುವುದಿಲ್ಲ. ತಳಪಾಯ, ಬಾಗಿಲು ಕಿಟಕಿಗಳ ಮೇಲಿನ ಲಿಂಟಲು, ಛಾವಣಿ, ಮುಕ್ತಾಯ ಎಂಬ ಹಂತಗಳು ಮುಗಿದಂತೆ ಬರುವುದು. ಒಂದೊಂದು ಹಂತದಲ್ಲಿಯೂ ಮನೆಯ ಛಾಯಾಚಿತ್ರವನ್ನು, ಸ್ಥಳದ ಅಕ್ಷಾಂಶ ರೇಖಾಂಶಗಳ ಗುರುತಿನೊಡನೆ, ತೆಗೆಯುತ್ತಾರೆ. ಇದಕ್ಕೆ ‘ಜಿಯೋ ಟ್ಯಾಗ್’ ಎಂದು ಹೆಸರು. ಒಂದು ಜಾಗದ ಮನೆಯನ್ನು ತೋರಿಸಿ ಮತ್ತೊಂದು ಜಾಗಕ್ಕೆ ಹಣ ಪಡೆಯದಂತೆ ತಡೆಯುವುದು ಇದರ ಉದ್ದೇಶ. ಹಣವು ಫಲಾನುಭವಿಯ ಬ್ಯಾಂಕಿನ ಲೆಕ್ಕಕ್ಕೆ ನೇರವಾಗಿ ಜಮೆಯಾಗುವುದು; ನಡುವೆ ಯಾರ ಕೈಯನ್ನೂ ಹಾದುಹೋಗಬೇಕಾಗಿಲ್ಲ. ‘ಕಂತನ್ನು ಬಿಡಿಸಿಕೊಡುತ್ತೇನೆ’ ಎಂದು ಹಣ ಕೇಳುವವನು ಊರಿಗೆ ಬಂದರೆ, ಅಂತಹವನಿಗೆ ಜಗಲಿಯ ಮೇಲೆ ಸ್ಥಳ ಕೊಡಬಾರದು.

ಒಗ್ಗೂಡಿಸುವಿಕೆ: ಬೇರೆ ಬೇರೆ ಇಲಾಖೆಗಳ ಸಹಾಯವನ್ನು ಒಂದೇ ಮನೆಗೆ ಸೇರಿಸುವುದು. ೨೦೧೬ರ ಯೋಜನೆಯಲ್ಲಿ ಸಹಾಯಧನದ ಜೊತೆಗೆ ಕಕ್ಕಸಿಗೆ ಸ್ವಚ್ಛ ಭಾರತ ಕಾರ್ಯಕ್ರಮದಿಂದ ೧೨,೦೦೦ ರೂಪಾಯಿಗಳೂ, ಮನೆಯವರು ತಮ್ಮ ಮನೆಗೆ ತಾವೇ ದುಡಿದದ್ದಕ್ಕೆ ೨೦೦೫ರ ಉದ್ಯೋಗ ಖಾತರಿ ಕಾಯಿದೆಯಿಂದ ಬಯಲು ಪ್ರದೇಶದಲ್ಲಿ ೯೦ ದಿನಗಳ ಕೂಲಿಯೂ ದೊರೆಯುವಂತೆ ಹೊಂದಿಸಿದ್ದರು. ಮನೆ ಕಟ್ಟುವವರು ತಮ್ಮ ವರ್ಷದಲ್ಲಿ ಯಾವ ಯಾವ ಸಹಾಯವು ಸೇರುವುದೆಂದು ಪಂಚಾಯತಿಯಲ್ಲಿ ವಿಚಾರಿಸದಿದ್ದರೆ ನ್ಯಾಯವಾಗಿ ಬರಬೇಕಾದದ್ದು ಕೈತಪ್ಪುತ್ತದೆ. ವ್ಯವಸಾಯದ ದೃಷ್ಟಿಯಿಂದ ಮತ್ತೊಂದು ಮಾತು: ಮನೆಯ ನಕ್ಷೆಯನ್ನು ಬರೆಯಿಸುವಾಗಲೇ ಕೊಟ್ಟಿಗೆಯನ್ನು ವಾಸದ ಕೋಣೆಯಿಂದ ಬೇರ್ಪಡಿಸಿ, ಗೊಬ್ಬರದ ಗುಂಡಿಯನ್ನು ಕುಡಿಯುವ ನೀರಿನಿಂದ ದೂರವಾಗಿ ಗುರುತಿಸಿದರೆ ಮನೆಯವರ ಆರೋಗ್ಯವೂ ಹೊಲದ ಗೊಬ್ಬರವೂ ಎರಡೂ ಉಳಿಯುವುವು.

೪. ಸಭೆಗೆ ಸಂಬಂಧಿಸಿದ ಮಾತುಗಳು

ವಾರ್ಡು ಸಭೆ ಮತ್ತು ಗ್ರಾಮಸಭೆ: ಪಂಚಾಯತಿಯ ಒಂದು ವಾರ್ಡಿನ ಮತದಾರರೆಲ್ಲರ ಸಭೆಯು ವಾರ್ಡು ಸಭೆ, ಪಂಚಾಯತಿಯ ಮತದಾರರೆಲ್ಲರ ಸಭೆಯು ಗ್ರಾಮಸಭೆ. ಪಂಚಾಯತಿಯ ಸದಸ್ಯರ ಮಾಸಿಕ ಸಭೆಯು ಗ್ರಾಮಸಭೆಯಲ್ಲ. ಫಲಾನುಭವಿಗಳನ್ನು ಆರಿಸುವ ಅಧಿಕಾರವು ಮತದಾರರ ಸಭೆಗೆ ಸೇರಿದ್ದು. ಯಾರು ಬಡವರು, ಯಾರ ಮನೆ ಸೋರುತ್ತದೆ, ಯಾರು ಪಟ್ಟಣದಲ್ಲಿ ಮನೆ ಕಟ್ಟಿಕೊಂಡು ಇಲ್ಲಿಯೂ ಅರ್ಜಿ ಹಾಕಿದ್ದಾರೆ ಎಂಬುದು ರಾಜಧಾನಿಯ ದಫ್ತರಕ್ಕೆ ತಿಳಿಯುವುದಿಲ್ಲ, ನೆರೆಯವರಿಗೆ ತಿಳಿಯುತ್ತದೆ. ಅದಕ್ಕಾಗಿಯೇ ಈ ಅಧಿಕಾರವನ್ನು ಊರಿಗೆ ಕೊಟ್ಟಿರುವುದು.

೨೦೧೬ರ ಯೋಜನೆಗೆ ೨೦೧೧ರ ಸಾಮಾಜಿಕ ಆರ್ಥಿಕ ಗಣತಿಯನ್ನು ಆಧಾರ ಮಾಡಿಕೊಂಡರೂ, ಆ ಪಟ್ಟಿಯನ್ನು ಗ್ರಾಮಸಭೆಯ ಮುಂದಿಟ್ಟು ಸರಿಪಡಿಸಬೇಕೆಂದು ವಿಧಿಸಿದ್ದರು. ಅದರಲ್ಲಿ ಬಿಟ್ಟುಹೋದವರಿಗಾಗಿ ಆಮೇಲೆ ‘ಆವಾಸ್ ಪ್ಲಸ್’ ಎಂಬ ಮತ್ತೊಂದು ಪಟ್ಟಿಯು ತಯಾರಾಯಿತು. ಯೋಜನೆಯನ್ನು ೨೦೨೪ರಲ್ಲಿ ಮುಂದುವರಿಸುವಾಗ ಅನರ್ಹತೆಯ ನಿಯಮಗಳನ್ನೂ ಸಡಿಲಿಸಿದರು. ಮೊದಲು ಮೋಟಾರು ಸೈಕಲ್ ಇದ್ದವನು ಅನರ್ಹನಾಗುತ್ತಿದ್ದನು. ಈಗ ಆ ಕಾರಣದಿಂದ ಹೆಸರನ್ನು ತೆಗೆಯುವಂತಿಲ್ಲ. ಕುಟುಂಬದಲ್ಲಿ ಒಬ್ಬರ ಮಾಸಿಕ ಆದಾಯದ ಮಿತಿಯನ್ನು ೧೦,೦೦೦ದಿಂದ ೧೫,೦೦೦ ರೂಪಾಯಿಗಳಿಗೆ ಏರಿಸಿದರು. ಹಳೆಯ ನಿಯಮವನ್ನು ಹೇಳಿ ಯಾರನ್ನಾದರೂ ಹಿಂದಕ್ಕೆ ಕಳುಹಿಸಿದ್ದರೆ, ಅಂತಹವರನ್ನು ಮರಳಿ ಕರೆದು ತಿಳಿಸುವುದು ಮುಖಂಡರ ಕರ್ತವ್ಯ.

ಗಣಪೂರ್ತಿ ಮತ್ತು ನಡವಳಿ: ಸಭೆಯು ಕಾಯಿದೆಯಂತೆ ನಡೆಯಲು ಹಾಜರಿರಬೇಕಾದ ಕನಿಷ್ಠ ಸಂಖ್ಯೆಯು ಗಣಪೂರ್ತಿ, ಇದನ್ನೇ ಕೋರಂ ಎನ್ನುವರು. ಸಭೆಯಲ್ಲಿ ಆದ ತೀರ್ಮಾನಗಳನ್ನು ಬರೆದ ಪುಸ್ತಕವು ನಡವಳಿ. ಪುಸ್ತಕವನ್ನು ಮನೆಮನೆಗೆ ಕಳುಹಿಸಿ ರುಜು ಹಾಕಿಸುವ ಪದ್ಧತಿಯು ಎಲ್ಲಿದ್ದರೂ ಅದನ್ನು ಕೂಡಲೆ ನಿಲ್ಲಿಸಬೇಕು. ಸಭೆಗೆ ಹೋಗದೆ ರುಜು ಹಾಕಿದವನು ತನ್ನ ಮಾತನ್ನು ತಾನೇ ಮಾರಿಕೊಂಡಂತೆ. ನಡವಳಿಯನ್ನು ಸಭೆಯ ಕೊನೆಯಲ್ಲಿ ಎಲ್ಲರೂ ಕೇಳುವಂತೆ ಓದಿಸಿ, ಆಮೇಲೆ ರುಜು ಮಾಡುವುದು ಸರಿಯಾದ ಕ್ರಮ. ಹೆಂಗಸರೂ ಕೇರಿಯವರೂ ಬಂದು ಮುಂದೆ ಕುಳಿತು ಮಾತನಾಡುವಂತೆ ಸಭೆಯ ಸ್ಥಳವನ್ನೂ ಹೊತ್ತನ್ನೂ ಆರಿಸತಕ್ಕದ್ದು. ಕೂಲಿಯ ಹೊತ್ತಿನಲ್ಲಿ ಕರೆದ ಸಭೆಗೆ ಕೂಲಿಯವರು ಬರಲಾರರು.

ಜಮಾಬಂದಿ: ಹಿಂದೆ ವರ್ಷಕ್ಕೊಮ್ಮೆ ಅಮಲ್ದಾರರು ಬಂದು ಕಂದಾಯದ ಲೆಕ್ಕವನ್ನು ಇತ್ಯರ್ಥಪಡಿಸುತ್ತಿದ್ದುದನ್ನು ಹಿರಿಯರು ಕೇಳಿಬಲ್ಲರು. ಅದೇ ಮಾತು ಇಂದು ಗ್ರಾಮ ಪಂಚಾಯತಿಯ ಲೆಕ್ಕಕ್ಕೆ ಬಂದಿದೆ. ಪಂಚಾಯತಿಯು ವರ್ಷದಲ್ಲಿ ಮಾಡಿದ ವೆಚ್ಚವನ್ನೂ ಕಾಮಗಾರಿಗಳನ್ನೂ ಜನರೆದುರಿಗೆ ಪರಿಶೀಲಿಸುವುದೇ ಈಗಿನ ಜಮಾಬಂದಿ. ಅಂದು ಸರ್ಕಾರವು ರೈತನನ್ನು ಲೆಕ್ಕ ಕೇಳುತ್ತಿತ್ತು; ಇಂದು ರೈತನು ಪಂಚಾಯತಿಯನ್ನು ಲೆಕ್ಕ ಕೇಳಬಹುದು. ‘ಸಾಮಾಜಿಕ ಲೆಕ್ಕಪರಿಶೋಧನೆ’ ಎಂಬುದೂ ಇದೇ ಬಗೆಯದು: ಪುಸ್ತಕದಲ್ಲಿರುವ ಕೆಲಸವು ನೆಲದ ಮೇಲೆ ಇದೆಯೇ ಎಂದು ಗ್ರಾಮಸ್ಥರ ಎದುರಿನಲ್ಲಿಯೇ ತಾಳೆ ನೋಡುವುದು.

ಜಮೀನುದಾರ ಮಹನೀಯರಿಗೆ ಒಂದು ಮಾತು

ತೋಟದ ಬದಿಯಲ್ಲಿ, ಕಣದ ಪಕ್ಕದಲ್ಲಿ, ಜಮೀನುದಾರರು ಒಪ್ಪಿಕೊಟ್ಟ ತುಂಡು ನೆಲದಲ್ಲಿ ಮನೆ ಮಾಡಿಕೊಂಡು ಎರಡು ಮೂರು ತಲೆಮಾರುಗಳಿಂದ ದುಡಿಯುತ್ತಿರುವ ಕೂಲಿಗಾರರು ನಮ್ಮ ನಾಡಿನಲ್ಲಿ ಅನೇಕರಿದ್ದಾರೆ. ೧೯೬೧ರ ಭೂಸುಧಾರಣಾ ಕಾಯಿದೆಯ ೩೮ನೆಯ ಪ್ರಕರಣವು ಇಂತಹ ವ್ಯವಸಾಯ ಕೂಲಿಗಾರನ ವಾಸದ ಮನೆಯ ಮತ್ತು ಅದಕ್ಕೆ ಹೊಂದಿದ ನೆಲದ ವಿಷಯದಲ್ಲಿ ಆತನಿಗೆ ಹಕ್ಕನ್ನು ಕೊಡುತ್ತದೆ. ಆಮೇಲೆ ಸೇರಿದ ೩೮ಎ ಪ್ರಕರಣವು ಖಾಸಗಿ ಜಮೀನಿನಲ್ಲಿ ಬೆಳೆದ, ದಫ್ತರದಲ್ಲಿಲ್ಲದ ಜನವಸತಿಗಳ ನಿವಾಸಿಗಳಿಗೆ ಸಂಬಂಧಿಸಿದುದು. ಸರ್ಕಾರಿ ಜಮೀನಿನಲ್ಲಿ ಅನುಮತಿಯಿಲ್ಲದೆ ಕಟ್ಟಿದ ವಾಸದ ಮನೆಗಳ ಸಕ್ರಮಕ್ಕೆ ಭೂಕಂದಾಯ ಕಾಯಿದೆಯಲ್ಲಿ ೯೪ಸಿ 	ಎಂಬ ಪ್ರಕರಣವಿದೆ.

ಈ ಮಾತುಗಳನ್ನು ಕೇಳಿದೊಡನೆಯೇ ‘ನಮ್ಮ ಜಮೀನು ಹೋಗುವುದು’ ಎಂಬ ಶಂಕೆಯು ಕೆಲವರ ಮನಸ್ಸಿನಲ್ಲಿ ಹುಟ್ಟುವುದುಂಟು. ಆ ಶಂಕೆಯಿಂದ ಬಡವನ ಗುಡಿಸಲನ್ನು ಎಬ್ಬಿಸಲು ಹೊರಟವರೂ ಉಂಟು. ಇದು ಕಾಯಿದೆಗೂ ವಿರೋಧ, ವ್ಯವಸಾಯಕ್ಕೂ ನಷ್ಟ. ನೆಲೆಯಿಲ್ಲದ ಕೂಲಿಗಾರನು ನಾಟಿಯ ಕಾಲಕ್ಕೆ ನಿಲ್ಲುವುದಿಲ್ಲ. ಪಟ್ಟಣದ ಕಟ್ಟಡದ ಕೆಲಸವನ್ನು ಹುಡುಕಿಕೊಂಡು ಹೊರಡುತ್ತಾನೆ. ಕುಯ್ಲಿಗೆ ಆಳಿಲ್ಲವೆಂದು ನಾವು ಪ್ರತಿ ಸುಗ್ಗಿಯಲ್ಲಿಯೂ ಹಂಬಲಿಸುತ್ತೇವಲ್ಲವೆ? ಊರಿನಲ್ಲಿ ಸ್ವಂತ ಸೂರಿರುವವನು ಊರನ್ನು ಬೇಗ ಬಿಡುವುದಿಲ್ಲ. ಒಂದೆರಡು ಗುಂಟೆ ನೆಲವನ್ನು ಕಾಯಿದೆಯಂತೆ ಬಿಟ್ಟುಕೊಟ್ಟು, ಎಲ್ಲೆಯನ್ನು ಅಳೆಯಿಸಿ, ಉಳಿದ ಜಮೀನಿಗೆ ತಕರಾರಿಲ್ಲದಂತೆ ಮಾಡಿಕೊಳ್ಳುವುದು ಜಮೀನುದಾರರಿಗೂ ಕ್ಷೇಮ. ನಿವೇಶನಗಳಿಗೆ ಸರ್ಕಾರಿ ಜಮೀನು ಸಿಕ್ಕದ ಊರುಗಳಲ್ಲಿ ಖಾಸಗಿ ಜಮೀನನ್ನು ಬೆಲೆ ಕೊಟ್ಟು ಕೊಳ್ಳುವ ಕ್ರಮವೂ ಸರ್ಕಾರದಲ್ಲಿ ಉಂಟೆಂಬುದನ್ನು ಇಲ್ಲಿ ಜ್ಞಾಪಿಸಬಹುದು.

ಮುಖಂಡರು ಮಾಡಬಹುದಾದ ಕೆಲಸ

ಇಷ್ಟನ್ನು ಓದಿದ ಮಹನೀಯರು ಈ ವರ್ಷ ತಮ್ಮ ಊರಿನಲ್ಲಿ ಕೆಳಗಿನ ಐದು ಕಾರ್ಯಗಳನ್ನು ಮಾಡಿಸಿದರೆ ಬಹಳ ಉಪಕಾರವಾಗುವುದು.

ಮೊದಲನೆಯದಾಗಿ, ನಿವೇಶನರಹಿತರ ಮತ್ತು ವಸತಿರಹಿತರ ಹೆಸರುಗಳನ್ನು ಬೇರೆ ಬೇರೆಯಾಗಿ ಬರೆಯಿಸಿ ಚಾವಡಿಯ ಗೋಡೆಗೆ ಅಂಟಿಸತಕ್ಕದ್ದು. ಎರಡನೆಯದಾಗಿ, ಗ್ರಾಮಠಾಣಾದ ಮತ್ತು ಗೋಮಾಳದ ನಕ್ಷೆಗಳ ಪ್ರತಿಗಳನ್ನು ತರಿಸಿ ಪಂಚಾಯತಿಯಲ್ಲಿ ಎಲ್ಲರಿಗೂ ಕಾಣುವಂತೆ ಇಡತಕ್ಕದ್ದು. ಮೂರನೆಯದಾಗಿ, ಗ್ರಾಮಸಭೆಯ ದಿನವನ್ನು ಮುಂಚಿತವಾಗಿಯೇ ಕೇರಿಕೇರಿಗಳಲ್ಲಿ ಡಂಗುರ ಹೊಡೆಯಿಸಿ ತಿಳಿಸತಕ್ಕದ್ದು. ನಾಲ್ಕನೆಯದಾಗಿ, ಮಂಜೂರಾದವರನ್ನು ಕರೆದು ಆದೇಶವನ್ನು ಓದಿ ಹೇಳಿ, ಸಹಾಯಧನವೆಷ್ಟು, ಸಾಲವೆಷ್ಟು, ಕಂತುಗಳೆಷ್ಟು ಎಂಬುದನ್ನು ಮನದಟ್ಟು ಮಾಡತಕ್ಕದ್ದು. ಐದನೆಯದಾಗಿ, ಜಮಾಬಂದಿಯ ದಿನ ಊರಿನವರನ್ನು ಕರೆದುಕೊಂಡು ಹೋಗಿ ಲೆಕ್ಕವನ್ನು ಕೇಳತಕ್ಕದ್ದು.

ಇದಕ್ಕೆ ಹಣ ಬೇಕಾಗಿಲ್ಲ. ಸ್ವಲ್ಪ ಹೊತ್ತು, ಸ್ವಲ್ಪ ನಿಷ್ಪಕ್ಷಪಾತ ಬುದ್ಧಿ ಇವೆರಡೇ ಸಾಕು. ಕಾಯಿದೆಯ ಮಾತುಗಳನ್ನು ಬಲ್ಲವರು ಅವನ್ನು ತಮ್ಮ ಲಾಭಕ್ಕೆ ಉಪಯೋಗಿಸಿಕೊಂಡರೆ ಊರಿನಲ್ಲಿ ದ್ವೇಷವು ಬೆಳೆಯುವುದು. ಅರಿಯದವರಿಗೆ ತಿಳಿಸಿಕೊಟ್ಟರೆ ವಿಶ್ವಾಸವು ಬೆಳೆಯುವುದು. ಊರ ಅಂಚಿನ ಆ ಸೋಗೆಯ ಗುಡಿಸಲಿನ ಬಾಗಿಲಿಗೆ ಮುಂದಿನ ವೈಶಾಖದೊಳಗಾಗಿ ಹೋಗಿ, ‘ತಾಯಿ, ಆದೇಶದ ಕಾಗದವು ಬರುವವರೆಗೆ ಈ ಸೂರನ್ನು ಕೀಳಬೇಡ, ಬಂದ ದಿನ ನಾನೇ ಓದಿ ಹೇಳುತ್ತೇನೆ’ ಎಂದು ಒಂದು ಮಾತನ್ನು ಹೇಳಿಬರುವ ಮುಖಂಡರು ಪ್ರತಿಯೊಂದು ಗ್ರಾಮದಲ್ಲಿಯೂ ಇದ್ದರೆ, ಯೋಜನೆಗಳ ಅರ್ಧ ಕೆಲಸವು ಆದಂತೆಯೇ ಸರಿ.